ಮೊದಲು ಆವರಣ, ಆಮೇಲೆ ಅಂಕಿ: ಬೀಜೋಕ್ತಿಯ ಬೆಲೆ ಕಂಡುಹಿಡಿಯುವುದು ಹೇಗೆ

ಬೀಜೋಕ್ತಿಯಲ್ಲಿ, ಅಂದರೆ 5ಕ + 2 ರ ಹಾಗೆ ಅಕ್ಷರ, ಅಂಕಿ ಬೆರೆತ ಬರಹದಲ್ಲಿ, ಅಕ್ಷರದ ಜಾಗಕ್ಕೆ ಸಂಖ್ಯೆ ಹಾಕಿ ಬೆಲೆ ಕಂಡುಹಿಡಿಯಿರಿ ಎನ್ನುವ ಲೆಕ್ಕ ನೋಡಲು ಬಲು ಸುಲಭ. ಕೂಡಲು, ಕಳೆಯಲು, ಗುಣಿಸಲು ಬಂದರೆ ಸಾಕು, ಹೊಸದಾಗಿ ಕಲಿಯುವುದು ಏನೂ ಇಲ್ಲ ಅನ್ನಿಸುತ್ತದೆ. ಆದರೆ ಮುಂದೆ ವರ್ಗ ಸಮೀಕರಣ ಬಿಡಿಸುವಾಗ, ಭೌತಶಾಸ್ತ್ರದ ಸೂತ್ರ ಬಳಸುವಾಗ, ಕಂಪ್ಯೂಟರಿನಲ್ಲಿ ಫಾರ್ಮುಲಾ ಬರೆಯುವಾಗ ಜನ ಎಡವುವುದು ಇದೇ ಮೆಟ್ಟಿಲಿನಲ್ಲಿ. ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ, ಅವರ ನೋಟ್‌ಬುಕ್ ತಿದ್ದುತ್ತ ನನಗೆ ಗಟ್ಟಿಯಾದ ಮಾತು ಒಂದೇ: ಇಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಮಗ್ಗಿ ಬಾರದೆ ಆದವಲ್ಲ, ಆವರಣ ಬರೆಯದೆ ಆದವು.

ಅಕ್ಷರಗಳ ಬಗ್ಗೆ ಮೊದಲೇ ಒಂದು ಮಾತು. ಪಠ್ಯಪುಸ್ತಕಗಳಲ್ಲಿ ಎಕ್ಸ್, ವೈ ಇರುತ್ತವೆ. ನಾನು ಇಲ್ಲಿ ಕ, ತ ಎಂದು ಬರೆಯುತ್ತೇನೆ. ಯಾವ ಅಕ್ಷರ ಹಿಡಿದರೂ ಲೆಕ್ಕ ಬದಲಾಗುವುದಿಲ್ಲ. ಎಕ್ಸ್, ವೈ, ಜೆಡ್ ಬಳಕೆಗೆ ಬಂದದ್ದು ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಬರಹದಿಂದ. ಅದಕ್ಕೂ ಬಹಳ ಹಿಂದೆಯೇ, 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ ತಾವತ್’, ಅಂದರೆ ‘ಎಷ್ಟಿದೆಯೋ ಅಷ್ಟು’, ಎಂದು ಕರೆದು ‘ಯಾ’ ಎಂದು ಚುಟುಕಾಗಿ ಬರೆಯುತ್ತಿದ್ದರು. ಎರಡನೆಯದು ಬೇಕಾದರೆ ‘ಕಾಳಕ’ದ ‘ಕಾ’, ಮೂರನೆಯದಕ್ಕೆ ‘ನೀಲಕ’ದ ‘ನೀ’. ಚರಾಕ್ಷರ ಎಂದರೇನು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಕೊಡುವ ಉತ್ತರ ಆ ‘ಎಷ್ಟಿದೆಯೋ ಅಷ್ಟು’ ಎನ್ನುವುದೇ. 5ಕ + 2 ಎಂದರೆ ‘ಅದು ಎಷ್ಟಿದೆಯೋ ಅಷ್ಟರ ಐದು ಪಟ್ಟು, ಮೇಲೆ ಎರಡು’. ಅದು ಎಷ್ಟು ಎಂದು ಯಾರಾದರೂ ಹೇಳಿದ ಕೂಡಲೇ ನಮ್ಮ ಕೆಲಸ ಶುರು.

ಈ ಕೆಲಸಕ್ಕೆ ಗಣಿತದಲ್ಲಿ ‘ಆದೇಶಿಸುವುದು’ ಎನ್ನುತ್ತಾರೆ. ಅಪ್ಪಣೆ ಕೊಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ವ್ಯಾಕರಣದ ಆದೇಶ ಸಂಧಿಯನ್ನು ನೆನಪಿಸಿಕೊಳ್ಳಿ: ಮಳೆ ಮತ್ತು ಕಾಲ ಸೇರಿ ಮಳೆಗಾಲ. ಕಕಾರ ಎದ್ದುಹೋಯಿತು, ಅದು ಕೂತಿದ್ದ ಜಾಗದಲ್ಲೇ ಗಕಾರ ಬಂದು ಕೂತಿತು, ಅಕ್ಕಪಕ್ಕದ್ದು ಯಾವುದೂ ಅಲುಗಲಿಲ್ಲ. ಬೀಜೋಕ್ತಿಯಲ್ಲೂ ಅಷ್ಟೇ. ಅಕ್ಷರ ಎದ್ದುಹೋಗಬೇಕು, ಅದೇ ಜಾಗದಲ್ಲಿ ಸಂಖ್ಯೆ ಕೂರಬೇಕು, ಸುತ್ತಲಿನ ಚಿಹ್ನೆ, ಘಾತ, ಸಹಗುಣಕ (ಅಕ್ಷರದ ಮುಂದಿರುವ ಸಂಖ್ಯೆ) ಯಾವುದೂ ಅಲುಗಬಾರದು.

ಹೆಜ್ಜೆ 1: ಕಣ್ಣಿಗೆ ಕಾಣದ ಗುಣಾಕಾರವನ್ನು ಗುರುತಿಸಿ

2ಕ ಎಂದರೆ 2 × ಕ. ಕತ ಎಂದರೆ ಕ × ತ. 4(ಕ + 1) ಎಂದರೆ 4 × (ಕ + 1). ಗುಣಾಕಾರದ ಚಿಹ್ನೆಯನ್ನು ಬರೆಯದೆ ಬಿಡುವುದು ಬೀಜಗಣಿತದ ರೂಢಿ.

ಕ = 3 ಎಂದು ಕೊಟ್ಟಾಗ 2ಕ ಎಷ್ಟು ಎಂದು ಕೇಳಿದರೆ 23 ಎಂದು ಬರೆಯುವ ಮಕ್ಕಳಿದ್ದಾರೆ. ಅವರನ್ನು ಗದರಬೇಡಿ. ಒಂದು ಕ್ಷಣ ಅವರ ಜಾಗದಲ್ಲಿ ನಿಂತು ನೋಡಿ. ಅಕ್ಕಪಕ್ಕ ಬರೆದ ಎರಡು ಗುರುತುಗಳಿಗೆ ನಾವು ಅವರಿಗೆ ಕಲಿಸಿರುವ ಅರ್ಥ ಒಂದೇ ಅಲ್ಲ. 23ರಲ್ಲಿ 2ಕ್ಕೆ ಇಪ್ಪತ್ತರ ಸ್ಥಾನಬೆಲೆ. 2½ರಲ್ಲಿ 2 ಮತ್ತು ½ ಕೂಡಬೇಕು. 2ಕ ಎಂದಾಗ ಮಾತ್ರ ಗುಣಿಸಬೇಕು. ಮೂರೂ ಪಕ್ಕಪಕ್ಕದ ಬರವಣಿಗೆಯೇ, ಮೂರಕ್ಕೂ ಬೇರೆ ಅರ್ಥ. ಇದನ್ನು ಬಾಯಿಬಿಟ್ಟು ಹೇಳಿಕೊಟ್ಟರೆ ಮಗು ಮತ್ತೆ ಆ ತಪ್ಪು ಮಾಡುವುದು ಅಪರೂಪ.

ಹಾಗೆಯೇ, ಮುಂದೆ ಸಂಖ್ಯೆ ಇಲ್ಲದ ಕ ಎಂದರೆ 1ಕ, –ಕ ಎಂದರೆ –1 × ಕ. ಇದೂ ಕಾಣದ ಗುಣಾಕಾರವೇ.

ಹೆಜ್ಜೆ 2: ಅಕ್ಷರ ಅಳಿಸಿ ಖಾಲಿ ಆವರಣ ಬರೆಯಿರಿ

ಇದೇ ಇಡೀ ವಿಧಾನದ ಜೀವ. ಬೀಜೋಕ್ತಿಯನ್ನು ಕೆಳಗಿನ ಸಾಲಿನಲ್ಲಿ ಇನ್ನೊಮ್ಮೆ ಬರೆಯಿರಿ, ಆದರೆ ಕ ಇರುವಲ್ಲೆಲ್ಲ ಖಾಲಿ ಆವರಣ ಇಡಿ. ಸಂಖ್ಯೆಯನ್ನು ಈಗಲೇ ಮುಟ್ಟಬೇಡಿ. ಖಾಲಿ ಆವರಣಗಳ ಸಾಲು ಸಿದ್ಧವಾದ ಮೇಲೆ ಅದರೊಳಗೆ ಸಂಖ್ಯೆಯನ್ನು ಅದರ ಚಿಹ್ನೆಯ ಸಮೇತ ತುಂಬಿ.

ಕ³ – 2ಕ² – ಕ + 4 ಇದರ ಬೆಲೆಯನ್ನು ಕ = –2 ಆದಾಗ ಕಂಡುಹಿಡಿಯೋಣ.

(   )³ – 2(   )² – (   ) + 4

(–2)³ – 2(–2)² – (–2) + 4

ಈಗ ಘಾತಗಳು. (–2)³ ಎಂದರೆ (–2) × (–2) × (–2), ಅಂದರೆ –8. (–2)² ಎಂದರೆ 4.

–8 – 2(4) – (–2) + 4

–8 – 8 + 2 + 4

–10

ಮೂರನೆಯ ಪದವನ್ನು ಸ್ವಲ್ಪ ಹತ್ತಿರದಿಂದ ನೋಡಿ: – (–2). ಇಲ್ಲಿ ಎರಡು ಮೈನಸ್ ಇವೆ. ಹೊರಗಿನದು ಬೀಜೋಕ್ತಿಯದು, ಕ ಇದ್ದಾಗಲೂ ಅಲ್ಲೇ ಇತ್ತು. ಒಳಗಿನದು ಸಂಖ್ಯೆಯದು, ಸಂಖ್ಯೆಯ ಜೊತೆ ಬಂದದ್ದು. ಆವರಣ ಅವೆರಡನ್ನೂ ಬೇರೆ ಬೇರೆ ಇಡುತ್ತದೆ. ಆವರಣವಿಲ್ಲದೆ ಬರೆದವರು ಎರಡು ಮೈನಸ್ ಪಕ್ಕಪಕ್ಕ ಬಂದದ್ದು ನೋಡಿ ಒಂದನ್ನು ನುಂಗಿಬಿಡುತ್ತಾರೆ. ಆಗ ಸಾಲು –8 – 8 – 2 + 4 ಆಗಿ ಉತ್ತರ –14 ಬರುತ್ತದೆ. ಮಗ್ಗಿ ಪೂರ್ತಿ ಸರಿ, ಉತ್ತರ ಮಾತ್ರ ತಪ್ಪು.

ಕೊಟ್ಟಿರುವುದು ಧನ ಪೂರ್ಣಸಂಖ್ಯೆಯಾಗಿದ್ದರೆ ಆವರಣ ಇಲ್ಲದೆಯೂ ಬಚಾವಾಗಬಹುದು. ಆದರೂ ಹಾಕಿ ಎನ್ನುವುದು ನನ್ನ ಸಲಹೆ. ಸುಲಭದ ಲೆಕ್ಕದಲ್ಲಿ ರೂಢಿಯಾಗದ್ದು ಕಷ್ಟದ ಲೆಕ್ಕದಲ್ಲಿ ಕೈಗೆ ಬರುವುದಿಲ್ಲ.

ಹೆಜ್ಜೆ 3: ಬಾಡ್‌ಮಾಸ್ ಕ್ರಮದಲ್ಲಿ ಬಿಡಿಸಿ

ಆವರಣದ ಒಳಗಿನದು ಮೊದಲು, ಆಮೇಲೆ ಘಾತ, ಆಮೇಲೆ ಗುಣಾಕಾರ ಮತ್ತು ಭಾಗಾಕಾರ, ಕೊನೆಗೆ ಸಂಕಲನ ಮತ್ತು ವ್ಯವಕಲನ. ಇದು ಹೆಚ್ಚಿನವರಿಗೆ ಬಾಯಿಪಾಠ. ಆ ಬಾಯಿಪಾಠದಲ್ಲೇ ಒಂದು ಎಡವಟ್ಟಿದೆ. ಪಟ್ಟಿಯಲ್ಲಿ ಕೂಡುವುದು ಕಳೆಯುವುದಕ್ಕಿಂತ ಮೊದಲು ಬರುವುದರಿಂದ ಯಾವಾಗಲೂ ಮೊದಲು ಕೂಡಬೇಕು ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಅವೆರಡೂ ಸಮಾನ, ಎಡದಿಂದ ಬಲಕ್ಕೆ ಹೋಗಬೇಕು. 10 – ಕ + 4 ರಲ್ಲಿ ಕ = 3 ಆದರೆ 10 – 3 = 7, 7 + 4 = 11. ಮೊದಲು 3 + 4 ಮಾಡಿ 10ರಿಂದ 7 ಕಳೆದು 3 ಎಂದರೆ ತಪ್ಪು. ಗುಣಾಕಾರ, ಭಾಗಾಕಾರಗಳಿಗೂ ಇದೇ ಮಾತು.

ಸಾಲು ಬರೆಯುವ ರೀತಿಯ ಬಗ್ಗೆಯೂ ಹೇಳಬೇಕು. ಕ = 3 ಆದಾಗ ಕ² + 5 ಕಂಡುಹಿಡಿಯಲು 3² = 9 + 5 = 14 ಎಂದು ಉದ್ದಕ್ಕೆ ಬರೆದುಕೊಂಡು ಹೋಗುವವರು ತುಂಬ. ಉತ್ತರ ಸರಿಯಿದೆ, ಆದರೆ ಆ ಸಾಲು ಹೇಳುತ್ತಿರುವುದು 3² ಎಂದರೆ 14 ಎಂದು. ಸಮ ಚಿಹ್ನೆಯನ್ನು 1557ರಲ್ಲಿ ಬಳಕೆಗೆ ತಂದ ರಾಬರ್ಟ್ ರೆಕಾರ್ಡ್ ಎರಡು ಸಮಾಂತರ ಗೆರೆಗಳನ್ನು ಆರಿಸಿಕೊಂಡದ್ದು, ಅವುಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತುಗಳು ಇರಲಾರವು ಎಂಬ ಕಾರಣಕ್ಕೆ. ಆ ಗೆರೆಗಳ ಎರಡೂ ಬದಿ ನಿಜವಾಗಿಯೂ ಸಮ ಇರಬೇಕು. ಒಂದು ಸಾಲಿನಲ್ಲಿ ಒಂದು ಕೆಲಸ ಮಾಡಿ, ಉಳಿದದ್ದನ್ನು ಹಾಗೇ ಕೆಳಗೆ ಇಳಿಸಿ. ಕಾಗದ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ಸುಲಭವಾಗುತ್ತದೆ.

ಅತಿ ಹೆಚ್ಚು ಕಾಡುವ ಜಾಗ: –ಕ² ಮತ್ತು (–ಕ)²

ಕ = –3 ಆದಾಗ –ಕ² ಎಷ್ಟು? ಮುಂದೆ ಓದುವ ಮೊದಲು ಒಂದು ಕಾಗದದ ಮೇಲೆ ಬರೆದು ನೋಡಿ.

ಖಾಲಿ ಆವರಣ ಇಡೋಣ: –(   )². ಸಂಖ್ಯೆ ತುಂಬೋಣ: –(–3)². ಘಾತ ಮೊದಲು: (–3)² = 9. ಹೊರಗಿನ ಮೈನಸ್ ಉಳಿದಿದೆ: –9. ಉತ್ತರ –9.

ಎರಡು ಮೈನಸ್ ಸೇರಿ ಪ್ಲಸ್ ಆಗುತ್ತದೆ ಎಂದು 9 ಬರೆಯುವವರು ಬಹಳ. ಇಲ್ಲಿರುವ ಮೈನಸ್‌ಗಳನ್ನು ಎಣಿಸಿ ನೋಡಿ. ಹೊರಗಿನದು ಒಂದು. ವರ್ಗ ಮಾಡುವಾಗ ಒಳಗಿನ ಮೈನಸ್ ಎರಡು ಸಲ ಬರುತ್ತದೆ. ಒಟ್ಟು ಮೂರು. ವರ್ಗದೊಳಗಿನ ಎರಡು ಒಂದನ್ನೊಂದು ತೀರಿಸಿಕೊಂಡವು, ಹೊರಗಿನದು ಒಂಟಿಯಾಗಿ ಉಳಿಯಿತು.

ಘಾತ ತನ್ನ ತಕ್ಷಣ ಎಡಕ್ಕಿರುವುದನ್ನು ಮಾತ್ರ ಹಿಡಿಯುತ್ತದೆ. –3² ಎಂದು ಬರೆದರೆ ಘಾತ ಹಿಡಿದಿರುವುದು 3ನ್ನು ಮಾತ್ರ, ಹಾಗಾಗಿ ಬೆಲೆ –9. (–3)² ಎಂದು ಬರೆದರೆ ಹಿಡಿದಿರುವುದು ಇಡೀ ಆವರಣವನ್ನು, ಹಾಗಾಗಿ 9. ಇದೇ ಕಾರಣಕ್ಕೆ 2ಕ² ರಲ್ಲಿ ವರ್ಗ ಆಗುವುದು ಕ ಮಾತ್ರ, 2 ಅಲ್ಲ. ಕ = 5 ಆದರೆ 2ಕ² ಎಂದರೆ 2 × 25 = 50. (2ಕ)² ಎಂದರೆ 10² = 100.

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವವರು ಇಲ್ಲಿ ಇನ್ನೂ ಎಚ್ಚರವಾಗಿರಬೇಕು. ಎಕ್ಸೆಲ್‌ನ ಒಂದು ಚೌಕದಲ್ಲಿ ಸಮ ಚಿಹ್ನೆ ಹಾಕಿ ಮೈನಸ್ 3ರ ವರ್ಗವನ್ನು ಆವರಣವಿಲ್ಲದೆ =-3^2 ಎಂದು ಟೈಪ್ ಮಾಡಿದರೆ 9 ಎಂದು ತೋರಿಸುತ್ತದೆ. ಅಲ್ಲಿ ಸಂಖ್ಯೆಯ ಮುಂದಿನ ಮೈನಸ್‌ಗೆ ಘಾತಕ್ಕಿಂತ ಮೊದಲ ಸರದಿ. ಪೈಥಾನ್ ಭಾಷೆಯಲ್ಲಿ ಅದನ್ನೇ -3**2 ಎಂದು ಬರೆದರೆ –9 ಬರುತ್ತದೆ, ಗಣಿತದ ರೂಢಿಯಂತೆ. ಎಕ್ಸೆಲ್‌ನಲ್ಲಿ ಗಣಿತದ ಉತ್ತರವೇ ಬೇಕೆಂದರೆ =-(3^2) ಎಂದು ಆವರಣ ಹಾಕಿ ಬರೆಯಿರಿ. ಯಾವ ಯಂತ್ರ ಯಾವ ರೂಢಿ ಹಿಡಿದಿದೆ ಎಂದು ನೆನಪಿಡುವುದಕ್ಕಿಂತ ಆವರಣ ಹಾಕುವುದು ಕಡಿಮೆ ಶ್ರಮ.

ಭಿನ್ನರಾಶಿ ಮತ್ತು ಗೆರೆಗಳು

ಭಿನ್ನರಾಶಿಯ ನಡುವಿನ ಗೆರೆ ಕೂಡ ಒಂದು ಆವರಣವೇ, ಕಾಣುವುದಿಲ್ಲ ಅಷ್ಟೇ. ಅಂಶದಲ್ಲಿ ಕ + 6, ಛೇದದಲ್ಲಿ ಕ – 2 ಇದ್ದು ಕ = 4 ಆದರೆ ಮೇಲೆ 10, ಕೆಳಗೆ 2, ಬೆಲೆ 5. ಅದನ್ನೇ ಒಂದೇ ಸಾಲಿನಲ್ಲಿ 4 + 6 ÷ 4 – 2 ಎಂದು ಕ್ಯಾಲ್ಕುಲೇಟರ್‌ಗೆ ಒತ್ತಿದರೆ ಅದು ಮೊದಲು 6 ÷ 4 ಮಾಡಿ 3.5 ಕೊಡಬಹುದು. ಒಂದೇ ಸಾಲಿಗೆ ಇಳಿಸುವಾಗ (4 + 6) ÷ (4 – 2) ಎಂದೇ ಬರೆಯಬೇಕು. ವರ್ಗಮೂಲದ ಮೇಲಿನ ಗೆರೆಯೂ ಹಾಗೆಯೇ: √(ಕ² + 16) ರಲ್ಲಿ ಕ = 3 ಆದರೆ ಒಳಗೆ 25, ಬೆಲೆ 5. 3 + 4 ಎಂದು 7 ಮಾಡುವಂತಿಲ್ಲ.

ಮೇಲಿನ ಭಿನ್ನರಾಶಿಯಲ್ಲಿ ಕ = 2 ಎಂದು ಕೊಟ್ಟರೆ ಛೇದ ಸೊನ್ನೆ. ಆಗ ಉತ್ತರ ಸೊನ್ನೆಯಲ್ಲ, ಆ ಬೆಲೆಗೆ ಬೀಜೋಕ್ತಿಗೆ ಅರ್ಥವೇ ಇಲ್ಲ ಎಂದು ಬರೆಯಬೇಕು.

ಆದೇಶಿಸುವ ಸಂಖ್ಯೆಯೇ ಭಿನ್ನರಾಶಿಯಾದರೂ ಆವರಣ ಬೇಕು. 3ಕ² ರಲ್ಲಿ ಕ = ⅔ ಆದರೆ 3(⅔)² = 3 × 4/9 = 4/3. ಆವರಣ ಮರೆತರೆ ವರ್ಗ ಮೇಲಿನ 2ಕ್ಕೆ ಮಾತ್ರ ತಗುಲಿ ಉತ್ತರ 4 ಆಗಿಬಿಡುತ್ತದೆ.

ಎರಡು ಅಕ್ಷರ ಇದ್ದರೆ

ವಿಧಾನ ಅದೇ. ಯಾವ ಆವರಣ ಯಾವ ಅಕ್ಷರದ್ದು ಎಂದು ಕಲಸಿಹೋಗುವ ಭಯವಿದ್ದರೆ ಒಂದಕ್ಕೆ ದುಂಡು ಆವರಣ, ಇನ್ನೊಂದಕ್ಕೆ ಚೌಕ ಆವರಣ ಬಳಸಿ. 2ಕ²ತ – 3ಕತ² + ತ, ಇಲ್ಲಿ ಕ = –2, ತ = 3:

2(–2)²[3] – 3(–2)[3]² + [3]

2 × 4 × 3 – 3 × (–2) × 9 + 3

24 + 54 + 3 = 81

ನಡುವಿನ ಪದದಲ್ಲಿ –3 ಮತ್ತು –2 ಗುಣಿಸಿ ಧನವಾಯಿತು. ಪ್ರತಿ ಪದಕ್ಕೂ ಮೊದಲು ಚಿಹ್ನೆ ಏನು ಎಂದು ತೀರ್ಮಾನಿಸಿ, ಆಮೇಲೆ ಸಂಖ್ಯೆ ಗುಣಿಸುವುದು ನನಗೆ ಒಗ್ಗಿದ ಕ್ರಮ.

ವರ್ಗ ಸಮೀಕರಣದ ಶೋಧಕ ಬ² – 4ಅಕ ಇದಕ್ಕೆ ಒಳ್ಳೆಯ ಅಭ್ಯಾಸ (ಇಲ್ಲಿ ಅ, ಬ, ಕ ಆ ಸಮೀಕರಣದ ಸಹಗುಣಕಗಳು). ಅ = 2, ಬ = –5, ಕ = –3 ಆದಾಗ (–5)² – 4(2)(–3) = 25 + 24 = 49. ಪರೀಕ್ಷೆಯಲ್ಲಿ ಇದೇ ಸಾಲಿನಲ್ಲಿ 25 – 24 = 1 ಎಂದು ಬರೆದು ಮುಂದಿನ ಪುಟವಿಡೀ ತಪ್ಪು ದಾರಿಯಲ್ಲಿ ನಡೆದವರ ಉತ್ತರಪತ್ರಿಕೆ ಕಂಡಾಗ ಹೊಟ್ಟೆ ಚುರುಕ್ ಎನ್ನುತ್ತದೆ. ಒಂದು ಜೊತೆ ಆವರಣ ಇದ್ದಿದ್ದರೆ ಆ ಪುಟ ಉಳಿಯುತ್ತಿತ್ತು.

ಸೂತ್ರಗಳಲ್ಲಿ

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಹೋಗಲು ಸೆಲ್ಸಿಯಸ್ ಬೆಲೆಯನ್ನು 9/5ರಿಂದ ಗುಣಿಸಿ 32 ಕೂಡಬೇಕು. 37 ಹಾಕಿದರೆ 66.6 + 32 = 98.6. –40 ಹಾಕಿದರೆ –72 + 32 = –40: ಎರಡು ಮಾಪಕಗಳೂ ಒಂದೇ ಸಂಖ್ಯೆ ತೋರಿಸುವ ಏಕೈಕ ಉಷ್ಣತೆ.

ಮೇಲಿಂದ ಬಿಟ್ಟ ವಸ್ತು ಕ ಸೆಕೆಂಡಿನಲ್ಲಿ, ಗಾಳಿಯ ತಡೆ ಬಿಟ್ಟು, ಬೀಳುವ ದೂರ ½ × 9.8 × ಕ² ಮೀಟರ್. ಕ = 3 ಆದರೆ ½ × 9.8 × 9 = 44.1 ಮೀಟರ್. ವರ್ಗವನ್ನು ಕೊನೆಗೆ ಉಳಿಸಿಕೊಂಡು ಎಲ್ಲ ಗುಣಿಸಿದ ಮೇಲೆ ಮಾಡಿದರೆ 14.7ರ ವರ್ಗ, 216.09 ಮೀಟರ್ ಬರುತ್ತದೆ. ಸೂತ್ರಗಳಲ್ಲಿ ಸಂಖ್ಯೆ ಹಾಕುವ ಮೊದಲು ಏಕಮಾನ ಹೊಂದುತ್ತದೆಯೇ ನೋಡಿಕೊಳ್ಳಿ. ಸೆಕೆಂಡ್ ಕೇಳುವ ಜಾಗದಲ್ಲಿ ನಿಮಿಷ ಹಾಕಿದರೆ ಯಾವ ಆವರಣವೂ ಕಾಪಾಡುವುದಿಲ್ಲ.

ಹಾಕುವ ಮೊದಲು ಒಮ್ಮೆ ನೋಡಿ

(ಕ + 1)² – (ಕ – 1)² ಇದರಲ್ಲಿ ಕ = 98 ಹಾಕಿ ಎಂದರೆ 99ರ ವರ್ಗ 9801, 97ರ ವರ್ಗ 9409, ವ್ಯತ್ಯಾಸ 392. ಸರಿ. ಆದರೆ ಮೊದಲೇ ಬಿಡಿಸಿಕೊಂಡಿದ್ದರೆ ಅದು ಬರೀ 4ಕ, ಅಂದರೆ 4 × 98 = 392. ಸಜಾತಿ ಪದಗಳಿದ್ದರೆ, ಅಂದರೆ ಅದೇ ಅಕ್ಷರ ಅದೇ ಘಾತದ ಪದಗಳಿದ್ದರೆ, ಒಟ್ಟುಗೂಡಿಸಿ ಆಮೇಲೆ ಆದೇಶಿಸಿ. ಸಂಖ್ಯೆ ಚಿಕ್ಕದಿದ್ದರೆ ಈ ಶ್ರಮ ಬೇಕಿಲ್ಲ, ದಶಮಾಂಶವೋ ದೊಡ್ಡ ಸಂಖ್ಯೆಯೋ ಇದ್ದರೆ ಬೇಕೇ ಬೇಕು.

ಉದ್ದದ ಬಹುಪದಗಳಿಗೆ ಇನ್ನೊಂದು ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. 2ಕ³ – 5ಕ² + 3ಕ – 7 ರಲ್ಲಿ ಕ = 4 ಹಾಕಬೇಕು. ಸಹಗುಣಕಗಳನ್ನು ಮಾತ್ರ ನೋಡಿ: 2, –5, 3, –7. ಮೊದಲನೆಯದನ್ನು 4ರಿಂದ ಗುಣಿಸಿ ಮುಂದಿನದನ್ನು ಕೂಡಿ: 8 – 5 = 3. ಮತ್ತೆ: 12 + 3 = 15. ಮತ್ತೆ: 60 – 7 = 53. ಮುಗಿಯಿತು. ನೇರವಾಗಿ ಮಾಡಿದರೂ 128 – 80 + 12 – 7 = 53. ನೇರ ದಾರಿಯಲ್ಲಿ ಆರು ಗುಣಾಕಾರ, ಇಲ್ಲಿ ಮೂರೇ. ಬೀಜೋಕ್ತಿಯನ್ನು ((2ಕ – 5)ಕ + 3)ಕ – 7 ಎಂದು ಮಡಚಿ ಬರೆದದ್ದಷ್ಟೇ ಇದರ ಗುಟ್ಟು. 1819ರಲ್ಲಿ ಇದನ್ನು ಪ್ರಕಟಿಸಿದ ಹಾರ್ನರ್ ಹೆಸರಿನಲ್ಲಿ ಇದು ಪ್ರಸಿದ್ಧ, ಆದರೆ ಚೀನಾದ ಚಿನ್ ಜಿಯುಶಾವ್ 1247ರಷ್ಟು ಹಿಂದೆಯೇ ಇದನ್ನು ಬಳಸಿದ್ದರು. ನಡುವೆ ಯಾವುದಾದರೂ ಘಾತ ಇಲ್ಲದಿದ್ದರೆ ಅದರ ಜಾಗದಲ್ಲಿ 0 ಬರೆದುಕೊಳ್ಳುವುದನ್ನು ಮರೆಯಬೇಡಿ.

ಆದೇಶಿಸುವುದೇ ಒಂದು ಪರೀಕ್ಷೆ

ಬೀಜೋಕ್ತಿಯನ್ನು ಬಿಡಿಸಿ ಬರೆದದ್ದು ಸರಿಯೇ ಎಂಬ ಅನುಮಾನ ಬಂದಾಗ ಎರಡೂ ರೂಪಗಳಲ್ಲಿ ಒಂದೇ ಸಂಖ್ಯೆ ಹಾಕಿ ನೋಡಿ. (ಕ + 3)² ಮತ್ತು ಕ² + 9 ಒಂದೇ ಎಂದು ಯಾರಾದರೂ ವಾದಿಸಿದರೆ ಕ = 1 ಹಾಕಿ. ಒಂದು ಕಡೆ 16, ಇನ್ನೊಂದು ಕಡೆ 10. ಒಮ್ಮೆ ಬೇರೆಯಾದರೆ ಸಾಕು, ವಾದ ಮುಗಿಯಿತು.

ಆದರೆ ಯಾವ ಸಂಖ್ಯೆ ಹಾಕುತ್ತೀರಿ ಎನ್ನುವುದು ಮುಖ್ಯ. ಕ = 0 ಹಾಕಿದ್ದರೆ ಎರಡೂ 9 ಆಗಿ ತಪ್ಪು ಅಡಗಿಕೊಳ್ಳುತ್ತಿತ್ತು. 2 ಕೂಡ ನಂಬಿಕಸ್ಥನಲ್ಲ: ಕ² ಮತ್ತು 2ಕ ಎರಡೂ ಅಲ್ಲಿ 4. 1ರಲ್ಲಿ ಕ, ಕ², ಕ³ ಎಲ್ಲ ಒಂದೇ. ಪರೀಕ್ಷೆಗೆ ನಾನು ಹಾಕುವುದು 3 ಅಥವಾ 5, ಚಿಹ್ನೆಯ ಅನುಮಾನವಿದ್ದರೆ –3.

ಕೆಲವು ಬೆಲೆಗಳಿಗೆ ಹೊಂದಿತೆಂದರೆ ಎಲ್ಲದಕ್ಕೂ ಹೊಂದುತ್ತದೆ ಎಂದಲ್ಲ. ಆಯ್ಲರ್ ಹೆಸರಿನ ಜೊತೆ ಬೆಸೆದುಕೊಂಡಿರುವ ಬೀಜೋಕ್ತಿ ಕ² + ಕ + 41. ಕ = 0 ಹಾಕಿ: 41. 1 ಹಾಕಿ: 43. 2 ಹಾಕಿ: 47. ಹೀಗೆ 39ರವರೆಗೆ ಪ್ರತಿ ಸಲವೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ, ಸತತ ನಲವತ್ತು ಸಲ. ಕ = 40 ಹಾಕಿದಾಗ 1600 + 40 + 41 = 1681, ಅದು 41 × 41. ಎರಡು ಬಹುಪದಗಳು ಒಂದೇ ಎಂದು ತೋರಿಸುವ ವಿಷಯದಲ್ಲಿ ಮಾತ್ರ ಖಚಿತ ನಿಯಮವಿದೆ: ಗರಿಷ್ಠ ಘಾತಕ್ಕಿಂತ ಒಂದು ಹೆಚ್ಚು ಸಂಖ್ಯೆಯ ಬೇರೆ ಬೇರೆ ಬೆಲೆಗಳಲ್ಲಿ ಅವು ಹೊಂದಿದರೆ ಅವು ಎಲ್ಲೆಡೆ ಒಂದೇ. ವರ್ಗದವರೆಗಿನ ಬೀಜೋಕ್ತಿಗಳಿಗೆ ಮೂರು ಬೆಲೆ ಸಾಕು.

ಕೈಯಾರೆ ಮಾಡಿ ನೋಡಲು

ಉತ್ತರದ ಜೊತೆ ತಪ್ಪು ಉತ್ತರಗಳನ್ನೂ ಕೊಟ್ಟಿದ್ದೇನೆ. ನಿಮ್ಮದು ತಪ್ಪಾಗಿದ್ದರೆ ಎಲ್ಲಿ ಎಂದು ತಿಳಿಯುತ್ತದೆ.

3ಕ² – 4ಕ + 1, ಕ = –2. ಸರಿಯುತ್ತರ 21. ನಿಮಗೆ 5 ಬಂದಿದ್ದರೆ –4(–2) ರಲ್ಲಿ ಒಂದು ಮೈನಸ್ ಕಳೆದುಹೋಗಿದೆ. –3 ಬಂದಿದ್ದರೆ ವರ್ಗ ಮಾಡುವಾಗ –2ಕ್ಕೆ ಆವರಣ ಹಾಕಿಲ್ಲ. 45 ಬಂದಿದ್ದರೆ 3ನ್ನೂ ಸೇರಿಸಿ ವರ್ಗ ಮಾಡಿದ್ದೀರಿ.

ಅಂಶ 5 – ಕ, ಛೇದ ಕ + 1, ಕ = –4. ಸರಿಯುತ್ತರ –3. –1/3 ಬಂದಿದ್ದರೆ ಅಂಶದಲ್ಲಿ 5 – (–4) ಬದಲು 5 – 4 ಮಾಡಿದ್ದೀರಿ.

–ತ² + ಕತ, ಕ = –1, ತ = –6. ಸರಿಯುತ್ತರ –30. 42 ಬಂದಿದ್ದರೆ ಹೊರಗಿನ ಮೈನಸ್ಸನ್ನೂ ವರ್ಗದೊಳಗೆ ಎಳೆದುಕೊಂಡಿದ್ದೀರಿ.

2ಕ³ – ಕ, ಕ = ½. ಸರಿಯುತ್ತರ –¼. ½ ಬಂದಿದ್ದರೆ 2ಕ ಮೊದಲು ಗುಣಿಸಿ ಆಮೇಲೆ ಘನ ಮಾಡಿದ್ದೀರಿ. ಎರಡನೇ ಹೆಜ್ಜೆಗೆ ಹಿಂತಿರುಗಿ, 2(   )³ – (   ) ಎಂದು ಖಾಲಿ ಆವರಣದಿಂದಲೇ ಇನ್ನೊಮ್ಮೆ ಶುರುಮಾಡಿ.